ಶೇ 20ರ ಎಥನಾಲ್: ಹಳೆಯ ಗಾಡಿಯವರ ಖರ್ಚನ್ನು ಯಾರ ಲೆಕ್ಕಕ್ಕೆ ಬರೆಯುತ್ತೀರಿ?

ಶ್ರೀ ಪ್ರಲ್ಹಾದ ಜೋಶಿ,
ಕೇಂದ್ರ ಗ್ರಾಹಕ ವ್ಯವಹಾರಗಳು, ಆಹಾರ ಮತ್ತು ಸಾರ್ವಜನಿಕ ವಿತರಣೆ ಹಾಗೂ ನವೀಕರಿಸಬಹುದಾದ ಇಂಧನ ಸಚಿವರು, ಇವರಿಗೆ

ಸನ್ಮಾನ್ಯರೇ,

ಪೆಟ್ರೋಲಿಯಂ ಖಾತೆ ತಮ್ಮದಲ್ಲವೆಂದು ಗೊತ್ತಿದ್ದೂ ಕಬ್ಬು, ಧಾನ್ಯಗಳಿಂದ ತೆಗೆಯುವ ಮದ್ಯಸಾರವಾದ ಎಥನಾಲ್ ಬೆರೆತ ಪೆಟ್ರೋಲಿನ ಕುರಿತಾದ ಈ ಪತ್ರವನ್ನು ತಮಗೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಎಥನಾಲಿಗೆ ಎಷ್ಟು ಸಕ್ಕರೆ, ಎಷ್ಟು ಅಕ್ಕಿ ಹೋಗಬೇಕೆಂಬ ಕಡತಗಳು ತಮ್ಮ ಆಹಾರ ಇಲಾಖೆಯಲ್ಲಿರುತ್ತವೆ. ಇಂಧನಕ್ಕೆ ಮಾನದಂಡ ಗೊತ್ತುಮಾಡುವ ಭಾರತೀಯ ಮಾನಕ ಬ್ಯೂರೊ ಹಾಗೂ ತೂಕ-ಅಳತೆಯ ಕಾಯ್ದೆ ತಮ್ಮ ಗ್ರಾಹಕ ವ್ಯವಹಾರಗಳ ಇಲಾಖೆಯ ಅಧೀನದಲ್ಲಿವೆ. ಮೇಲಾಗಿ ತಾವು ಧಾರವಾಡದ ಸಂಸದರು. ನಾನು ಪಾಲಿಟೆಕ್ನಿಕ್ ಒಂದರಲ್ಲಿ ಆಟೊಮೊಬೈಲ್ ವಿಷಯ ಪಾಠ ಹೇಳಿ ನಿವೃತ್ತನಾಗಿ ಇದೇ ಕ್ಷೇತ್ರದಲ್ಲಿ ನೆಲೆಸಿರುವ ಮತದಾರ.

2023ರ ಫೆಬ್ರುವರಿ 6ರಂದು ಪ್ರಧಾನಿಯವರು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ. ಕಚ್ಚಾ ತೈಲದ ಬಹುಪಾಲನ್ನು ಹೊರಗಿನಿಂದ ತರಿಸಿಕೊಳ್ಳುವ ದೇಶ ತನ್ನ ಹೊಲದಲ್ಲಿ ಬೆಳೆದದ್ದರಿಂದ ಒಂದಿಷ್ಟು ಇಂಧನ ತಯಾರಿಸಿಕೊಂಡರೆ ತಪ್ಪೇನೂ ಇಲ್ಲ. ಎಥನಾಲಿನ ಆಕ್ಟೇನ್, ಅಂದರೆ ಎಂಜಿನ್ನಿನೊಳಗೆ ಅಕಾಲದಲ್ಲಿ ಹೊತ್ತಿಕೊಳ್ಳದಿರುವ ಗುಣ, ಹೆಚ್ಚು. ಅದಕ್ಕೆಂದೇ ರೂಪಿಸಿದ ಎಂಜಿನ್‌ಗಳು ಅದರ ಲಾಭವನ್ನೂ ಪಡೆಯಬಲ್ಲವು. ನನ್ನ ತಕರಾರು ಯೋಜನೆಯ ಮೇಲಲ್ಲ, ಅದರ ಖರ್ಚನ್ನು ಹಂಚಿದ ರೀತಿಯ ಮೇಲೆ.

ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಮೂರನೆಯ ಎರಡು ಪಾಲಿನಷ್ಟು ಮಾತ್ರ. ಆದ್ದರಿಂದ ಶೇ 20ರಷ್ಟು ಬೆರೆಸಿದಾಗ ಲೀಟರಿನೊಳಗಿನ ಶಕ್ತಿ ಶುದ್ಧ ಪೆಟ್ರೋಲಿಗಿಂತ ಸುಮಾರು ಶೇ 6ರಿಂದ 7ರಷ್ಟು ಇಳಿಯುತ್ತದೆ. ಶುದ್ಧ ಪೆಟ್ರೋಲಿಗೆ ವಿನ್ಯಾಸಗೊಂಡು ಶೇ 10ರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜು ಶೇ 6ರಿಂದ 7ರಷ್ಟು, ಅಂಥದೇ ದ್ವಿಚಕ್ರ ವಾಹನಗಳಲ್ಲಿ ಶೇ 3ರಿಂದ 4ರಷ್ಟು ಇಳಿಯಬಹುದೆಂದು 2021ರಲ್ಲಿ ನೀತಿ ಆಯೋಗ ಪ್ರಕಟಿಸಿದ ಮಾರ್ಗಸೂಚಿಯಲ್ಲಿಯೇ ಬರೆದಿದೆ. ಹಳೆಯ ವಾಹನಗಳಿಗಾಗಿ ಶೇ 10ರ ಪೆಟ್ರೋಲನ್ನು ಉಳಿಸಿಕೊಳ್ಳಬೇಕು, ಕಡಿಮೆ ಶಕ್ತಿಯ ಇಂಧನವನ್ನು ಕಡಿಮೆ ಬೆಲೆಗೆ ಕೊಡಬೇಕು ಎಂಬ ಸಲಹೆಗಳೂ ಅದರಲ್ಲಿದ್ದವು. ಬೆರಕೆಯ ಪ್ರಮಾಣವನ್ನು ಮಾತ್ರ ಗುರಿಗಿಂತ ಮುಂಚೆಯೇ ಮುಟ್ಟಿದ ಸರ್ಕಾರ ಈ ಎರಡು ಸಲಹೆಗಳನ್ನು ಕೈಬಿಟ್ಟಿತು.

ಬೆಲೆ ಏಕೆ ಇಳಿಯಲಿಲ್ಲವೆಂಬ ಪ್ರಶ್ನೆಗೆ 2025ರ ಆಗಸ್ಟಿನಲ್ಲಿ ಪೆಟ್ರೋಲಿಯಂ ಸಚಿವಾಲಯ ಉತ್ತರ ಕೊಟ್ಟಿತು: ನೀತಿ ಆಯೋಗದ ಆ ವರದಿ ಬರೆಯುವಾಗ ಎಥನಾಲ್ ಅಗ್ಗವಾಗಿತ್ತು, ಈಗ ಸಾಗಣೆ ಮತ್ತು ಜಿಎಸ್‌ಟಿ ಸೇರಿ ಅದರ ಸರಾಸರಿ ಖರೀದಿ ವೆಚ್ಚ ಲೀಟರಿಗೆ 71.32 ರೂಪಾಯಿ, ಅಂದರೆ ಸಂಸ್ಕರಿಸಿದ ಪೆಟ್ರೋಲಿಗಿಂತ ಹೆಚ್ಚು. ಉತ್ತರ ಪ್ರಾಮಾಣಿಕವಾಗಿದೆ, ಒಪ್ಪುತ್ತೇನೆ. ಆದರೆ ಹೆಚ್ಚು ದುಡ್ಡಿಗೆ ಕೊಂಡು ಕಡಿಮೆ ಓಡುವ ವಸ್ತುವನ್ನು ಹಳೆಯ ದರಕ್ಕೇ ಮಾರಿದಾಗ ನಡುವಿನ ಅಂತರವನ್ನು ಯಾರೋ ಒಬ್ಬರು ತುಂಬಿಕೊಡಲೇಬೇಕಲ್ಲ?

ತುಂಬಿಕೊಡುತ್ತಿರುವವರು ಯಾರೆಂದು ನೋಡಬೇಕಾದರೆ ಬೆಳಗಿನ ಆರು ಗಂಟೆಗೆ ಧಾರವಾಡದ ಯಾವುದಾದರೂ ಪೆಟ್ರೋಲ್ ಬಂಕಿಗೆ ಬಂದು ನಿಲ್ಲಬೇಕು. ಹಿಂದಿನ ಸೀಟಿನ ಎರಡೂ ಬದಿಗೆ ಹಾಲಿನ ಕ್ಯಾನು ತೂಗುಹಾಕಿಕೊಂಡು ಸುತ್ತಲಿನ ಹಳ್ಳಿಗಳಿಂದ ಬರುವ ಗವಳಿಗರ ಬೈಕುಗಳು ಬಹುತೇಕ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮಕ್ಕೂ ಮುಂಚಿನವು, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಹಳೆಯ ಬಗೆಯ ಕಾರ್ಬುರೇಟರ್ ಇರುವವು, ಸೆಕೆಂಡ್ ಹ್ಯಾಂಡ್ ಕೊಂಡವು. ದಿನಕ್ಕೆ ಒಂದೂವರೆ ಲೀಟರ್ ಸುಡುವ ಗವಳಿಯೊಬ್ಬರಿಗೆ, ಲೀಟರಿಗೆ 100 ರೂಪಾಯಿ ಎಂದೇ ಹಿಡಿದು ನೀತಿ ಆಯೋಗದ ಶೇ 4ರ ಅಂದಾಜನ್ನು ಅನ್ವಯಿಸಿದರೆ, ದಿನಕ್ಕೆ 6 ರೂಪಾಯಿ, ವರ್ಷಕ್ಕೆ ಎರಡು ಸಾವಿರದ ಆಸುಪಾಸು ಹೆಚ್ಚುವರಿ ಖರ್ಚು ಬೀಳುತ್ತದೆ. ಚಾಲನೆಯ ರೂಢಿ, ಟೈರಿನ ಗಾಳಿ, ಏಸಿಯ ಬಳಕೆ ಇವೆಲ್ಲವೂ ಮೈಲೇಜನ್ನು ನಿರ್ಧರಿಸುತ್ತವೆಂದು ಸಚಿವಾಲಯ ಹೇಳಿದೆ. ಗವಳಿಗರ ಬೈಕಿಗೆ ಏಸಿ ಇಲ್ಲವೆಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಈ ಹೆಚ್ಚುವರಿ ಪೆಟ್ರೋಲಿನ ಮೇಲೂ ರಾಜ್ಯ ಸರ್ಕಾರದ ಮಾರಾಟ ತೆರಿಗೆ ಬೀಳುತ್ತದೆ. 2024ರ ಜೂನ್‌ನಲ್ಲಿ ಶೇ 25.92ರಿಂದ ಶೇ 29.84ಕ್ಕೆ ಏರಿದ ತೆರಿಗೆ ಅದು. ಅದರ ಲೆಕ್ಕ ಬೆಂಗಳೂರಿನವರನ್ನು ಕೇಳುವಂಥದ್ದು, ತಮ್ಮನ್ನಲ್ಲ.

ರಿಪೇರಿಯ ಮಾತನ್ನು ಎಚ್ಚರದಿಂದ ಆಡುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಗ್ಯಾರೇಜಿನಲ್ಲಿ ಮಳೆಗಾಲ ಕಳೆದ ಮೇಲೆ ಬಿಚ್ಚಿದ ಒಂದು ಕಾರ್ಬುರೇಟರನ್ನು ನೋಡಿದೆ. ಬಟ್ಟಲಿನ ತಳದಲ್ಲಿ ಪೆಟ್ರೋಲಿನೊಂದಿಗೆ ಬೆರೆಯದ ನೀರಿನ ಪದರ, ಅಂಚಿನಲ್ಲಿ ಬಿಳಿ ಪುಡಿ, ಉಬ್ಬಿ ಮೆತ್ತಗಾದ ರಬ್ಬರ್ ರಿಂಗು. “ಎಥನಾಲಿಂದ್ಲೇ ಹಿಂಗಾಗೇತಿ ಅಂತ ನಾ ಆಣಿ ಮಾಡಿ ಹೇಳಂಗಿಲ್ರಿ ಸರ್, ಗಾಡಿ ಎರಡು ತಿಂಗಳು ನಿಂತಲ್ಲೇ ನಿಂತಿತ್ತು” ಎಂದರು ಅವರು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರು ಅದಕ್ಕೆ ಬಾಳುವುದಿಲ್ಲ ಎಂಬುದು ಪಠ್ಯಪುಸ್ತಕದ ಮಾತು. ಈ ಒಂದು ಗಾಡಿಯಲ್ಲಿ ಆದದ್ದು ಅದೇ ಎಂದು ನಾನೂ ಸಾಧಿಸಲಾರೆ. ವಾಹನ ತಯಾರಕರು ವಾರಂಟಿಯನ್ನು ಉಳಿಸಿಕೊಡುವ ಭರವಸೆ ಕೊಟ್ಟಿದ್ದಾರೆ. ವಾರಂಟಿ ಮುಗಿದು ಎಷ್ಟೋ ವರ್ಷಗಳಾದ ಗಾಡಿಯ ಮಾಲೀಕನಿಗೆ ಆ ಭರವಸೆಯಿಂದ ಏನೂ ದಕ್ಕುವುದಿಲ್ಲ.

ಹಾಗಾದರೆ ವಿದ್ಯುತ್ ಸ್ಕೂಟರ್ ಕೊಳ್ಳಲಿ ಎನ್ನುವವರಿದ್ದಾರೆ. ಮನೆಯಲ್ಲಿ ಚಾರ್ಜ್ ಮಾಡಿಕೊಳ್ಳಬಲ್ಲ ಪೇಟೆಯವರಿಗೆ ಅದು ಒಳ್ಳೆಯ ವ್ಯವಹಾರವೇ ಸರಿ. ಕಿಲೋಮೀಟರಿನ ಖರ್ಚು ಪೆಟ್ರೋಲಿನ ಮುಂದೆ ಏನೇನೂ ಅಲ್ಲ. ಆದರೆ ಆ ಉಳಿತಾಯ ಕೈಗೆ ಬರಬೇಕಾದರೆ ಮೊದಲು ಸಾಲ ಸಿಗಬೇಕು, ಬ್ಯಾಟರಿ ಬದಲಿಸುವ ಹೊತ್ತಿಗೆ ಮತ್ತೊಂದು ಗಂಟು ಹಣವಿರಬೇಕು, ತುಂಬಿದ ಕ್ಯಾನುಗಳ ಭಾರವನ್ನು ಗಾಡಿ ದಿನವೂ ತಾಳಬೇಕು. ಸೆಕೆಂಡ್ ಹ್ಯಾಂಡ್ ಬೈಕಿಗೇ ಹಣ ಹೊಂದಿಸಿಕೊಂಡವರಿಗೆ ಈ ದಾರಿ ಸದ್ಯಕ್ಕೆ ತೆರೆದಿಲ್ಲ.

ಇದೆಲ್ಲ ರೈತನ ಒಳಿತಿಗಾಗಿ ಎಂಬ ಸಮರ್ಥನೆಯೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು. ಗೋವಿನಜೋಳದಿಂದ ತಯಾರಾದ ಎಥನಾಲಿಗೆ ತೈಲ ಕಂಪನಿಗಳು ಲೀಟರಿಗೆ 71.86 ರೂಪಾಯಿ ಕೊಡುತ್ತಿದ್ದ ಕಾಲದಲ್ಲೇ, ಅಂದರೆ 2025ರ ಸುಗ್ಗಿಯಲ್ಲಿ, ಹಾವೇರಿ, ಗದಗ, ಧಾರವಾಡದ ರೈತರು ಕ್ವಿಂಟಲಿಗೆ 2,400 ರೂಪಾಯಿಯ ಬೆಂಬಲ ಬೆಲೆಗಿಂತ ಎಷ್ಟೋ ಕೆಳಗೆ ಗೋವಿನಜೋಳ ಮಾರಿ ಬೀದಿಗಿಳಿದಿದ್ದರು. 2024-25ರ ಎಥನಾಲ್ ತಯಾರಿಕೆಗೆಂದು ಆಹಾರ ನಿಗಮದ 52 ಲಕ್ಷ ಟನ್ ಅಕ್ಕಿಯನ್ನು ಕೆ.ಜಿ.ಗೆ 22.50 ರೂಪಾಯಿಯಂತೆ ಹಂಚಿದ್ದು ತಮ್ಮ ಇಲಾಖೆ. ಸರ್ಕಾರವೇ ಅಗ್ಗದ ಅಕ್ಕಿ ಕೊಡುತ್ತಿರುವಾಗ ಡಿಸ್ಟಿಲರಿಯವರು ಗೋವಿನಜೋಳಕ್ಕೆ ಹೆಚ್ಚು ಬೆಲೆ ಏಕೆ ಕೊಟ್ಟಾರು? ಹಾಲು ಮಾರುವವನ ಜೇಬಿನಿಂದ ಹೋದ ಹಣ ಗೋವಿನಜೋಳ ಬೆಳೆದವನ ಜೇಬಿಗಾದರೂ ಬಂದಿದ್ದರೆ ಒಂದು ಸಮಾಧಾನವಿರುತ್ತಿತ್ತು. ನಮ್ಮ ಸೀಮೆಯಲ್ಲಿ ಎಷ್ಟೋ ಮನೆಗಳಲ್ಲಿ ಇಬ್ಬರೂ ಒಬ್ಬರೇ.

ಎಥನಾಲಿನ ವಿಷಯದಲ್ಲಿ ಎಲ್ಲರೂ ಬೆರಳು ತೋರಿಸುವ ಬ್ರೆಜಿಲಿನಲ್ಲಿ ಗ್ರಾಹಕನಿಗೆ ಬಂಕಿನಲ್ಲಿ ಆಯ್ಕೆ ಇದೆ. ಎಥನಾಲಿನ ದರ ಪೆಟ್ರೋಲಿನ ಶೇ 70ಕ್ಕಿಂತ ಕೆಳಗಿದ್ದರೆ ಅದನ್ನು ಹಾಕಿಸು, ಇಲ್ಲವಾದರೆ ಬೇಡ ಎಂಬ ಲೆಕ್ಕ ಅಲ್ಲಿನ ಚಾಲಕರಿಗೆ ಬಾಯಿಪಾಠ. 2025ರಲ್ಲಿ ಸಾಮಾನ್ಯ ಪೆಟ್ರೋಲಿನ ಬೆರಕೆಯನ್ನು ಶೇ 30ಕ್ಕೆ ಏರಿಸಿದಾಗಲೂ ಪ್ರೀಮಿಯಂ ಪೆಟ್ರೋಲನ್ನು ಶೇ 25ರಲ್ಲೇ ಉಳಿಸಿದರು. ನಮ್ಮಲ್ಲಿ ಹಳೆಯ ಗಾಡಿಯವರು ಒಂದೇ ನಳಿಕೆಯ ಮುಂದೆ ನಿಲ್ಲಬೇಕು.

ಆದ್ದರಿಂದ ತಮ್ಮ ಅಧಿಕಾರಕ್ಕೆ ನಿಲುಕುವಷ್ಟನ್ನೇ ಕೇಳುತ್ತೇನೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಒಳಗೇನಿದೆಯೆಂದು ಬರೆಸುವ ಸರ್ಕಾರ, ಪ್ರತಿ ಬಂಕಿನ ಯಂತ್ರದ ಮೇಲೂ ರಸೀದಿಯ ಮೇಲೂ ಎಥನಾಲಿನ ಪ್ರಮಾಣವನ್ನು ಕನ್ನಡದಲ್ಲಿ ನಮೂದಿಸುವಂತೆ ಆದೇಶಿಸಲಿ. ಹೋಬಳಿಗೊಂದು ಬಂಕಿನಲ್ಲಾದರೂ ಶೇ 10ರ ಪೆಟ್ರೋಲ್ ಸಿಗುವಂತೆ, ಅದಾಗದಿದ್ದರೆ ಶಕ್ತಿಯ ಅಂತರಕ್ಕೆ ತಕ್ಕಂತೆ ಲೀಟರಿಗೆ ಮೂರು ರೂಪಾಯಿಯನ್ನಾದರೂ ಇಳಿಸುವಂತೆ, ಸಂಪುಟದಲ್ಲಿ ತಮ್ಮ ಸಹೋದ್ಯೋಗಿಯಾದ ಪೆಟ್ರೋಲಿಯಂ ಸಚಿವರ ಬಳಿ ಮಾತನಾಡಿ. ಶೇ 20ನ್ನೂ ದಾಟಿ ಮುಂದೆ ಹೋಗುವ ಮಾತು ಈಗಾಗಲೇ ಕೇಳಿಬರುತ್ತಿದೆ. ಅದರ ಮಾನದಂಡದ ಕಡತ ಮಾನಕ ಬ್ಯೂರೊಕ್ಕೆ ಬಂದಾಗ, ಹತ್ತು-ಹನ್ನೆರಡು ವರ್ಷ ಓಡಿದ ಕಾರ್ಬುರೇಟರ್ ಬೈಕುಗಳ ಮೇಲೆ ಮಳೆಗಾಲವೂ ಸೇರಿದಂತೆ ಪೂರ್ತಿ ಒಂದು ವರ್ಷ ಪರೀಕ್ಷೆ ನಡೆಸಿ, ಅದರ ಫಲಿತಾಂಶವನ್ನು ಸಾರ್ವಜನಿಕರ ಮುಂದಿಡದೆ ಒಪ್ಪಿಗೆ ಕೊಡುವುದಿಲ್ಲವೆಂದು ತಾವು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಧಾರವಾಡ ಕ್ಷೇತ್ರದ ಒಬ್ಬ ಮತದಾರ