ಕಾಲೇಜಿಗೆ ಪ್ರಬಂಧ ಬರೆಯುತ್ತಿರುವ ತಿಪಟೂರಿನ ಹುಡುಗಿಗೆ

ಪ್ರೀತಿಯ ಹುಡುಗಿ,

ಅಮೆರಿಕದ ಕಾಲೇಜುಗಳ ಅರ್ಜಿಗೆ ಅಂತ ನೀನು ಬರೆದ ಪ್ರಬಂಧ ಬಂತು. ನಿಧಾನವಾಗಿ ಓದಿದೆ. ಇಂಗ್ಲಿಷ್ ಚೆನ್ನಾಗಿದೆ, ಹುಡುಕಿದರೂ ತಪ್ಪು ಸಿಗುವುದಿಲ್ಲ. ಆದರೆ ಇಡೀ ಬರಹದಲ್ಲಿ ನೀನು ಸಿಗುವುದು ಒಂದೇ ಒಂದು ಸಾಲಿನಲ್ಲಿ. ಕೊನೆಯ ಹತ್ತಿರ, ಏನೋ ನೆನಪಾಯಿತು ಅನ್ನುವ ಹಾಗೆ ಬರೆದಿದ್ದೀಯ: ಆ ವರ್ಷ ಅಪ್ಪ ರಾತ್ರಿ ಊಟ ಆದಮೇಲೆ ಅಟ್ಟ ಹತ್ತಿ, ಒಂದು ಕಾಯಿ ಕೈಗೆತ್ತಿಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಮತ್ತೆ ಅಲ್ಲೇ ಇಟ್ಟು ಇಳಿದು ಬರುತ್ತಿದ್ದರು ಅಂತ. ಉಳಿದದ್ದೆಲ್ಲ ವಿಜ್ಞಾನ ಮೇಳದ ಬಹುಮಾನ, ನಾಯಕತ್ವ, ಛಲ, ಕನಸು. ಅದನ್ನು ಯಾರು ಬೇಕಾದರೂ ಬರೆಯಬಹುದು. ಬರೆಯುತ್ತಲೂ ಇದ್ದಾರೆ.

ಬಹುಮಾನವನ್ನು ಬಿಡು ಅಂದರೆ ನಿನಗೆ ಬೇಜಾರಾಗುತ್ತದೆ, ಗೊತ್ತು. ಆದರೆ ಅದಕ್ಕೆ ಬೇರೆ ಜಾಗ ಇದೆ. ಕಾಮನ್ ಆ್ಯಪ್‌ನಲ್ಲಿ (ಅಲ್ಲಿನ ಎಷ್ಟೋ ಕಾಲೇಜುಗಳಿಗೆ ಹೋಗುವ ಒಂದೇ ಅರ್ಜಿ ಅದು) 10 ಚಟುವಟಿಕೆಗಳನ್ನು ಹಾಕಬಹುದು, ಒಂದೊಂದಕ್ಕೂ 150 ಅಕ್ಷರದ ವಿವರಣೆ. ಪ್ರಶಸ್ತಿಗಳ ಪಟ್ಟಿ ಬೇರೆ. ಅಂಕಪಟ್ಟಿ ಬೇರೆ ಹೋಗುತ್ತದೆ, ನಿಮ್ಮ ಮೇಷ್ಟ್ರ ಶಿಫಾರಸು ಪತ್ರವೂ ಬೇರೆ. ಇವನ್ನೆಲ್ಲ ಓದಿದ ಮೇಲೂ ಅರ್ಜಿ ನೋಡಲು ಅಲ್ಲಿ ಕೂತವರಿಗೆ ಒಂದು ಸಂಗತಿ ಗೊತ್ತಾಗಿರುವುದಿಲ್ಲ. ಈ ಹುಡುಗಿಯ ಕಣ್ಣಿಗೆ ಏನು ಬೀಳುತ್ತದೆ, ಅದನ್ನಿಟ್ಟುಕೊಂಡು ಇವಳು ಹೇಗೆ ಯೋಚಿಸುತ್ತಾಳೆ? ಪ್ರಬಂಧಕ್ಕೆ ಅಂತ ಕೊಟ್ಟಿರುವ 650 ಪದ ಇರುವುದೇ ಅದಕ್ಕೆ. ಅಲ್ಲಿ ಮತ್ತೆ ಪದಕದ ಕತೆ ಹೇಳಿದರೆ ಆ ಜಾಗ ದಂಡ.

ಹಾಗಾಗಿ ಅಟ್ಟಕ್ಕೆ ಹೋಗೋಣ.

ಉಂಡೆ ಕೊಬ್ಬರಿ ಹೇಗಾಗುತ್ತದೆ ಅಂತ ಬಾಸ್ಟನ್‌ನಲ್ಲಿ ಕೂತವರಿಗೆ ಇರಲಿ, ಬೆಂಗಳೂರಿನ ಎಷ್ಟೋ ಜನಕ್ಕೇ ಗೊತ್ತಿಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಸುಮ್ನೆ ಬಿಡಬೇಕು. ಒಳಗಿನ ನೀರು ಇಂಗಬೇಕು. ಕೊಬ್ಬರಿ ಕರಟ ಬಿಡಬೇಕು. ಅಲ್ಲಾಡಿಸಿದರೆ ಒಳಗೆ ಲೊಡಲೊಡ ಅನ್ನಬೇಕು. ಇಷ್ಟನ್ನು ಮೂರು ನಾಲ್ಕು ಸಾಲಿನಲ್ಲಿ ಹೇಳು, ಜಾಸ್ತಿ ಬೇಡ. ಆಮೇಲೆ ಆ ವರ್ಷಕ್ಕೆ ಬಾ. 2023. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇತ್ತು. ಮಾರುಕಟ್ಟೆಯಲ್ಲಿ ಕೂಗುತ್ತಿದ್ದ ರೇಟು ಅದರಿಂದ ಎಷ್ಟೋ ಕೆಳಗೆ. ನಿಮ್ಮ ಅಟ್ಟದಲ್ಲಿ ಕಾಯಿ ಒಣಗಿ ಕೂತಿತ್ತು. ಸುಲಿಸಿ ಮಾರುವುದೋ, ಇನ್ನೂ ಕಾಯುವುದೋ?

ಅಂದರೆ ಅಪ್ಪ ಹತ್ತುತ್ತಿದ್ದದ್ದು ಕಾಯಿ ಒಣಗಿದೆಯಾ ನೋಡೋಕೆ ಅಲ್ಲ, ಅಲ್ವಾ? ಅದು ಅವರಿಗೆ ಗೊತ್ತೇ ಇತ್ತು. ಮತ್ತೆ ಯಾಕೆ ಹತ್ತುತ್ತಿದ್ದರು? ಕೆಳಗೆ ಓದುತ್ತಾ ಕೂತಿದ್ದ ನಿನಗೆ ಆ ಸದ್ದು ಕೇಳಿದಾಗ ಏನನ್ನಿಸುತ್ತಿತ್ತು? ಇದಕ್ಕೆ ಉತ್ತರ ಬರೆ. ನಿನ್ನ ಪ್ರಬಂಧ ಅದೇ.

ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಒಂದು, ಇದು ರೈತರ ಸಮಸ್ಯೆ ಕುರಿತ ಲೇಖನ ಆಗಿಬಿಡುತ್ತದೆ. ಬೆಂಬಲ ಬೆಲೆ, ಆ ಬೆಲೆಗೆ ಕೊಳ್ಳುವ ನಾಫೆಡ್ ಸಂಸ್ಥೆಯ ಖರೀದಿ, ಧರಣಿ ಎಲ್ಲ ದೊಡ್ಡ ವಿಷಯಗಳೇ, ಆದರೆ ಅವನ್ನು ಪತ್ರಿಕೆಯವರು ಬರೆಯುತ್ತಾರೆ. ಇನ್ನೊಂದು, ಇದಕ್ಕಿಂತ ಹೆಚ್ಚು ಸಲ ಆಗುವುದು: ಪ್ರಬಂಧ ಪೂರ್ತಿ ಅಪ್ಪನದಾಗಿಬಿಡುತ್ತದೆ. ಓದಿ ಮುಗಿಸಿದವರಿಗೆ ನಿಮ್ಮಪ್ಪನನ್ನು ಕಾಲೇಜಿಗೆ ಸೇರಿಸಿಕೊಳ್ಳೋಣ ಅನಿಸುತ್ತದೆ. ಹಾಗಾಗಬಾರದು. ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಪ್ರತಿ ಹರಾಜಿನ ರೇಟನ್ನೂ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ ಅಂತ. ಅದು ಪ್ರಬಂಧದಲ್ಲಿ ಇಲ್ಲವೇ ಇಲ್ಲ! ಆ ಪಟ್ಟಿ ನೋಡಿ ಅಪ್ಪನಿಗೆ ಏನು ಹೇಳಿದೆ? ಅವರು ಒಪ್ಪಿದರಾ? ನಿನ್ನ ಲೆಕ್ಕ ತಲೆಕೆಳಗಾಗಿದ್ದರೆ ಅದನ್ನೂ ಬರೆ. ಅಂಕಿ ಒಂದು ಹೇಳುತ್ತಿತ್ತು, ಮನೆಯ ಖರ್ಚು ಇನ್ನೊಂದು ಹೇಳುತ್ತಿತ್ತು ಅನ್ನುವಂಥದ್ದು ಏನಾದರೂ ಇದ್ದರೆ ಅಲ್ಲಿ ನಿಂತು ಬರೆ. ಅರ್ಥಶಾಸ್ತ್ರ ಓದಬೇಕು ಅಂತ ನಿನಗೆ ಅನಿಸಿದ್ದು ಅಲ್ಲೇ ಇರಬೇಕು ಅಂತ ನನಗೆ ಅನಿಸುತ್ತದೆ. ಆದರೆ "ಆದ್ದರಿಂದ ನಾನು ಅರ್ಥಶಾಸ್ತ್ರ ಓದಲು ಬಯಸುತ್ತೇನೆ" ಅನ್ನುವ ಸಾಲು ಮಾತ್ರ ಬೇಡ.

ಕಷ್ಟ ಹೇಳಿಕೊಳ್ಳಲು ಹಿಂಜರಿಯಬೇಡ, ಓದುವವರನ್ನು ಅಳಿಸಲೂ ಹೋಗಬೇಡ. ಆ ವರ್ಷ ಮನೆಯಲ್ಲಿ ಯಾವುದು ಮುಂದಕ್ಕೆ ಹೋಯಿತು, ಬೋರ್‌ವೆಲ್ಲಾ, ಅಕ್ಕನ ಮದುವೆಯಾ, ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ನಡಿ. ಆದಾಯದ ವಿವರಕ್ಕೆ ನೆರವಿನ ಅರ್ಜಿಗಳು ಬೇರೆ ಇವೆ.

ಪ್ರಬಂಧಕ್ಕೆ ಅಂತ ಕಾಮನ್ ಆ್ಯಪ್‌ನವರು ಕೊಟ್ಟಿರುವ ಏಳು ಪ್ರಶ್ನೆಗಳಲ್ಲಿ ಯಾವುದಕ್ಕೆ ಹೊಂದುತ್ತದೆ ಅಂತ ತಲೆ ಕೆಡಿಸಿಕೊಳ್ಳಬೇಡ. ಕೊನೆಯದು ನಿನ್ನಿಷ್ಟದ ವಿಷಯ. ಬರೆದಾದ ಮೇಲೆ ಆರಿಸು.

ಮೊದಲ ಕರಡನ್ನು ಕನ್ನಡದಲ್ಲಿ ಬರೆ. ಆ ಅಟ್ಟದ ಸುತ್ತ ನಡೆದ ಮಾತೆಲ್ಲ ಕನ್ನಡದಲ್ಲೇ ನಡೆದದ್ದು. ನೇರ ಇಂಗ್ಲಿಷಿಗೆ ಹೋದರೆ ನಿನ್ನ ಕೈ ತಾನಾಗಿ ಭಾಷಣದ ಸಾಲುಗಳಿಗೆ ಹೋಗುತ್ತದೆ, ಈ ಕರಡಿನಲ್ಲಿ ಆಗಿರುವುದೂ ಅದೇ. 400 ಪದ ದಾಟಬೇಡ, ಇಂಗ್ಲಿಷಿಗೆ ಬಂದಾಗ ಅದು ಹಿಗ್ಗುತ್ತದೆ. ಆಮೇಲೆ ಸಣ್ಣ ಸಣ್ಣ ವಾಕ್ಯಗಳಲ್ಲಿ ಇಂಗ್ಲಿಷಿನಲ್ಲಿ ಬರೆ. ಡಿಕ್ಷನರಿಯಿಂದ ದೊಡ್ಡ ಪದ ತಂದು ತುಂಬಬೇಡ.

ಪ್ರಬಂಧ ಬರೆದುಕೊಡುತ್ತೇವೆ ಅನ್ನುವ ಏಜೆನ್ಸಿಯವರು ಮನೆಗೇ ಬಂದಿದ್ದರು ಅಂದೆ. ದಯವಿಟ್ಟು ಬೇಡ. ದುಡ್ಡಿನ ಮಾತು ಆಮೇಲೆ, ಅವರಿಗೆ ನಿಮ್ಮ ಅಟ್ಟ ಗೊತ್ತಿಲ್ಲ. ಚಾಟ್‌ಜಿಪಿಟಿಗೂ ಗೊತ್ತಿಲ್ಲ. ಅದು ಬರೆದದ್ದನ್ನು ತನ್ನದು ಅಂತ ಕಳಿಸುವುದನ್ನು ಕಾಮನ್ ಆ್ಯಪ್‌ನವರು 2023ರಿಂದ ವಂಚನೆಯ ಪಟ್ಟಿಗೇ ಸೇರಿಸಿದ್ದಾರೆ.

ಇಂಗ್ಲೆಂಡಿಗೂ ಹಾಕುತ್ತೀಯ ಅಂದರೆ ಅದು ಬೇರೆಯೇ ಕೆಲಸ. 2026ರ ಪ್ರವೇಶದಿಂದ, ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹೋಗುವ ವ್ಯವಸ್ಥೆಯಾದ ಯೂಕಾಸ್‌ನಲ್ಲಿ ಮೊದಲಿನ ಹಾಗೆ ಒಂದು ಉದ್ದನೆಯ ಹೇಳಿಕೆ ಇಲ್ಲ, ಮೂರು ಪ್ರಶ್ನೆಗಳಿವೆ, ಎಲ್ಲ ಸೇರಿ 4,000 ಅಕ್ಷರ. ಈ ಕೋರ್ಸೇ ಯಾಕೆ, ಓದಿದ್ದು ಹೇಗೆ ಸಿದ್ಧ ಮಾಡಿತು, ಓದಿನ ಹೊರಗೆ ಏನು ಮಾಡಿದೆ ಅಂತ ಕೇಳುತ್ತಾರೆ. ಅಲ್ಲಿ ನೋಟ್‌ಬುಕ್ಕಿನ ಲೆಕ್ಕ ಮೂರನೇ ಉತ್ತರಕ್ಕೆ ಚೆನ್ನಾಗಿ ಒದಗುತ್ತದೆ, ಅಪ್ಪ ಅಟ್ಟ ಹತ್ತಿದ್ದು ಬೇಕಾಗುವುದಿಲ್ಲ.

ಅಮೆರಿಕದ ಅರ್ಲಿ ಅರ್ಜಿಗೆ (ಮಾಮೂಲಿ ಗಡುವಿಗಿಂತ ಮುಂಚೆ ಹಾಕುವುದು) ಸುಮಾರು ಕಡೆ ನವೆಂಬರ್ 1 ಕೊನೆಯ ದಿನ. ಕನ್ನಡದ ಕರಡನ್ನು ಅಕ್ಟೋಬರ್ ಮೊದಲ ವಾರದೊಳಗೆ ಕಳಿಸು. ಕೈಬರಹದ ಫೋಟೋ ಆದರೂ ಸಾಕು. ಅದಕ್ಕೂ ಮುಂಚೆ ಅಪ್ಪನಿಗೆ ಹೇಳು, ನಿಮ್ಮ ಬಗ್ಗೆ ಬರೆಯುತ್ತಿದ್ದೇನೆ ಅಂತ. ಯಾವುದನ್ನಾದರೂ ಬರೆಯಬೇಡ ಅಂದರೆ ಬಿಟ್ಟುಬಿಡು, ವಾದ ಮಾಡಬೇಡ. ಒಪ್ಪಿದರೆ, ಯಾಕೆ ಹತ್ತುತ್ತಿದ್ದಿರಿ ಅಂತ ಅವರನ್ನೇ ಕೇಳು. ನಿನ್ನ ಊಹೆಯನ್ನು ಮೊದಲು ಬರೆದಿಟ್ಟುಕೊಂಡು ಆಮೇಲೆ ಕೇಳು.

ಪ್ರೀತಿಯಿಂದ,
ನಿನ್ನ ಬರಹದ ದಾರಿ ಕಾಯುತ್ತಿರುವ ಹಿರಿಯ ಗೆಳತಿ