ಕಲ್ಲು ಚೆಂದ ಕಂಡಿದ್ದಕ್ಕೆ

ಪುಟ್ಟೀ,

ನಿನ್ನ ಮೇಲ್ ಬೆಳಿಗ್ಗೆಯೇ ಓದಿದೆ. ಮನೆ ಸುದ್ದಿಯೆಲ್ಲ ನಿನ್ನಮ್ಮ ಹೇಳಿರುತ್ತಾಳೆ, ಬಿಡು. ನನ್ನ ತಲೆಯಲ್ಲಿ ಕೂತಿರುವುದು ನಿನ್ನ ಕೊನೆಯ ಸಾಲು. ಕ್ವಾರಿ ನೋಡಿ ಬಂದೆ, ಗುಡ್ಡ ಅರ್ಧ ಇಲ್ಲ, ಆದರೂ ಆಫೀಸಿಗೆ ಬಂದು ಸ್ಯಾಂಪಲ್ ಕಲ್ಲು ಮುಟ್ಟಿದರೆ ಚೆಂದವೇ ಕಾಣಿಸಿತು, ನನ್ನಲ್ಲೇ ಏನಾದರೂ ಕೆಟ್ಟಿದೆಯಾ ದೊಡ್ಡಪ್ಪ ಅಂತ ಕೇಳಿದ್ದೀಯ. ಊಟಕ್ಕೆ ಕೂತಾಗಲೂ ಅದೇ.

ಏನೂ ಕೆಟ್ಟಿಲ್ಲ ಅಂತ ಹೇಳಿಬಿಡಬಹುದು. ಹಾಗೆ ಹೇಳಲು ನಾನು ಯಾರು ಅನ್ನುವುದೇ ಕಷ್ಟ.

ತಾತನ ಉಳಿ-ಸುತ್ತಿಗೆ ಕಥೆ ನಿನಗೆ ಗೊತ್ತು. ಇದನ್ನು ಹೇಳಿದ್ದೆನೋ ಇಲ್ಲವೋ. ನಾನು ಚಿಕ್ಕವನಿದ್ದಾಗ ಅವರೇ ವಿಧಾನಸೌಧ ತೋರಿಸಲು ಕರೆದುಕೊಂಡು ಹೋಗಿದ್ದರು. 1956ರಲ್ಲಿ ಮುಗಿದ ಕಟ್ಟಡ, ಆಗಿನ್ನೂ ಹೊಸದು. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ್ದು ಅಂತ ಜನ ತಲೆ ಎತ್ತಿ ಗುಮ್ಮಟ ನೋಡುತ್ತಿದ್ದರೆ, ಇವರು ಬಗ್ಗಿ ಬುಡದ ಕಲ್ಲಿನ ಉಳಿ ಏಟಿನ ಮೇಲೆ ಉಗುರು ಆಡಿಸುತ್ತಿದ್ದರು. ‘ಒಳ್ಳೇ ಕೆಲಸ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಇಷ್ಟು ಕಲ್ಲು ತೆಗೆದ ಕಡೆ ಈಗ ಎಷ್ಟು ನೀರು ನಿಂತಿರಬೇಕು’ ಅಂದರು. ಆಮೇಲೆ ದೋಸೆ ಕೊಡಿಸಿದರು. ಅವರಿಗೆ ಗೋಡೆಯೂ ಕಂಡಿತ್ತು, ಗುಂಡಿಯೂ ಕಂಡಿತ್ತು.

ನನಗೆ ಮುಂದೆ ಗುಂಡಿ ಕಾಣುವುದೇ ನಿಂತುಹೋಯಿತು. ನಿನ್ನ ಭಯ ನನಗೆ ಬರಲೇ ಇಲ್ಲವಲ್ಲ, ಅದೇ ಈಗ ಕಾಡುತ್ತಿದೆ. ಒಂದು ಜಿಲ್ಲೆಯಲ್ಲಿ ಸರ್ಕಾರಿ ಕಚೇರಿ ಕಟ್ಟುವಾಗ ನಾನೇ ಸೈಟ್ ಇಂಜಿನಿಯರ್. ಹನ್ನೊಂದು ಹೊಂಗೆ ಮರ ಕಡಿಸಿದೆ, ಯಾಕೆಂದರೆ ರಸ್ತೆಯಿಂದ ನೋಡಿದರೆ ಮುಂಭಾಗ ಕಾಣಬೇಕಿತ್ತು. ಪಶ್ಚಿಮಕ್ಕೆ ಪೂರ್ತಿ ಗಾಜು. ಡ್ರಾಯಿಂಗಿನಲ್ಲಿ ಎಷ್ಟು ಚೆಂದ ಇತ್ತು ಗೊತ್ತಾ! ಮೊದಲ ಬೇಸಿಗೆಗೇ ಗುಮಾಸ್ತರು ಒಳಗಿನಿಂದ ಆ ಗಾಜಿಗೆಲ್ಲ ಅನ್ನದ ಅಂಟು ಹಾಕಿ ಹಳೇ ಪೇಪರ್ ಮೆತ್ತಿದ್ದರು. ನಾನು ಹೋದಾಗ ಒಬ್ಬರು ಫೈಲಿನಲ್ಲಿ ಗಾಳಿ ಬೀಸಿಕೊಳ್ಳುತ್ತಾ ‘ಸಾರ್, ಆ ಮರಗಳು ಇರಬೇಕಿತ್ತು’ ಅಂದರು. ಸುಮ್ನೆ ಬಂದೆ. ಸಹಿ ನನ್ನದೇ.

ಬನ್ನೇರುಘಟ್ಟ ರಸ್ತೆಯ ಐಐಎಂ, ಅದೇ ಮ್ಯಾನೇಜ್‌ಮೆಂಟ್ ಕಾಲೇಜು, ನೋಡಿದ್ದೀಯಲ್ವಾ? ಆರ್ಕಿಟೆಕ್ಟ್ ಬಿ.ವಿ. ದೋಶಿ ಅಕ್ಬರನ ಫತೇಪುರ್ ಸಿಕ್ರಿಯ ಅಂಗಳಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಸ್ಥಳೀಯ ಬೂದುಗಲ್ಲು, ಪಾಲಿಶ್ ಇಲ್ಲದೆ ಒರಟಾಗಿಯೇ ಬಿಟ್ಟಿದ್ದಾರೆ. ಉದ್ದುದ್ದ ಕಾರಿಡಾರಿನ ಮೇಲೆ ಎಷ್ಟೋ ಕಡೆ ಚಾವಣಿಯೇ ಇಲ್ಲ, ಬರೀ ತೊಲೆಗಳು, ಬಳ್ಳಿ ಹಬ್ಬಿದೆ, ನೆಲದ ಮೇಲೆ ಬಿಸಿಲು ಪಟ್ಟೆ ಪಟ್ಟೆಯಾಗಿ ಬೀಳುತ್ತದೆ. ಓಡಾಡುವ ದಾರಿಗೆ ಬೆಂಗಳೂರಿನ ಗಾಳಿಯೇ ಸಾಕು ಅನ್ನುವ ಲೆಕ್ಕ. ಅಲ್ಲಿ ಕೂತಾಗ ನನ್ನ ಹನ್ನೊಂದು ಮರ ನೆನಪಾಗಿ ಹೊಟ್ಟೆ ಉರಿಯಿತು. ಆದರೂ ಆ ಕಲ್ಲೂ ಯಾವುದೋ ಗುಡ್ಡದ್ದೇ ತಾನೇ. ನಿನ್ನ ಪ್ರಶ್ನೆಗೆ ಅಲ್ಲೂ ಪೂರ್ತಿ ಉತ್ತರ ಇಲ್ಲ.

ಏನಾದರೂ ಮಾಡು ಅಂದರೆ, ನಿಮ್ಮ ಕಟ್ಟಡದಲ್ಲೂ ಪಶ್ಚಿಮಕ್ಕೆ ಗಾಜು ಹಾಕಲು ಹೊರಟರೆ ಒಂದು ಸಲ ಜಗಳ ಆಡು. ಸೋಲಬಹುದು. ಕಲ್ಲು ಎಲ್ಲಿಂದ ಬರುತ್ತದೆ, ತೆಗೆದ ಮೇಲೆ ಆ ಗುಂಡಿ ಯಾರ ಪಾಲು ಅಂತ ಮೀಟಿಂಗಿನಲ್ಲಿ ಕೇಳು, ತಲೆಹರಟೆ ಅಂದುಕೊಂಡರೆ ಅಂದುಕೊಳ್ಳಲಿ. ದಪ್ಪ ಕಲ್ಲು ಬೇಡದ ಕಡೆ ಬೇಡ ಅನ್ನು. ಇಷ್ಟು ಹೇಳುವುದಕ್ಕೂ ನನಗೆ ನಾಚಿಕೆ, ನಿನ್ನ ವಯಸ್ಸಿನಲ್ಲಿ ನಾನು ಒಂದನ್ನೂ ಮಾಡಲಿಲ್ಲ.

ಕಲ್ಲು ಚೆಂದ ಕಂಡಿತು ಅಂತ ಹೆದರಬೇಡ ಕಣೇ. ಕ್ವಾರಿಗೆ ಮಾತ್ರ ಆಗಾಗ ಹೋಗುತ್ತಿರು.

ಮುಂದಿನ ತಿಂಗಳು ಬಂದಾಗ ಲಾಲ್‌ಬಾಗ್ ಬಂಡೆ ಹತ್ತೋಣ. ಸುಮಾರು 300 ಕೋಟಿ ವರ್ಷದ ಕಲ್ಲು. ಅದನ್ನು ಯಾರೂ ಜಲ್ಲಿ ಮಾಡಲಿಲ್ಲ, ಮೇಲೆ ಕೆಂಪೇಗೌಡರ ಪುಟ್ಟ ಗೋಪುರ ಅಷ್ಟೇ. ಬೆಳಿಗ್ಗೆ ಬೇಗ ಹೋಗಬೇಕು, ಆಮೇಲೆ ಬಂಡೆ ಕಾಯುತ್ತದೆ. ನನ್ನ ಮಂಡಿಗೆ ನಿನ್ನ ಕೈ ಬೇಕಾಗುತ್ತದೆ.

ನಿನ್ನ ದೊಡ್ಡಪ್ಪ