ಆರೈಕೆಯ ಹೊಣೆ ಹೊತ್ತ ಮಕ್ಕಳು

ಮಾನ್ಯ ಸಂಪಾದಕರೇ,

ಹಾಸಿಗೆ ಹಿಡಿದ ತಾಯಿಯ ಅಥವಾ ಅಂಗವೈಕಲ್ಯವಿರುವ ತಂದೆಯ ಆರೈಕೆ ಮಾಡುತ್ತಲೇ ಒಳ್ಳೆಯ ಅಂಕ ಗಳಿಸಿದ ಮಕ್ಕಳ ಸುದ್ದಿ ಫಲಿತಾಂಶದ ದಿನಗಳಲ್ಲಿ ಪತ್ರಿಕೆಗಳಲ್ಲಿ ಬರುತ್ತದೆ. ಆ ಮಕ್ಕಳ ಸಾಧನೆಯ ಬಗ್ಗೆ ತಕರಾರಿಲ್ಲ. ಆದರೆ ಅದೇ ಹೊಣೆ ಹೊತ್ತು ಅಂಕ ಗಳಿಸಲಾಗದವರು, ಹಾಜರಾತಿ ಸಾಲದೆ ಮೆಲ್ಲಗೆ ಶಾಲೆ ಬಿಟ್ಟವರು ಸುದ್ದಿಯಾಗುವುದಿಲ್ಲ. 'ಇಂದಿನ ಶ್ರವಣಕುಮಾರ' ಎಂದು ಹೊಗಳಿ ಕೈತೊಳೆದುಕೊಳ್ಳುವ ನಾವು, ಹನ್ನೆರಡರ ಹರೆಯದ ಮಗುವಿನ ಹೆಗಲಿಗೆ ಆ ಕಾವಡಿ ಬಂದದ್ದಾದರೂ ಹೇಗೆ ಎಂದು ವಿಚಾರಿಸುವ ಗೋಜಿಗೆ ಹೋಗುವುದಿಲ್ಲ ಎಂಬುದು ನನ್ನ ಆಕ್ಷೇಪ.

ಮನೆಗೆಲಸದಲ್ಲಿ ಕೈಜೋಡಿಸುವುದು ಬೇರೆ, ರೋಗಿಯ ಹೊಣೆ ಹೊರುವುದು ಬೇರೆ. ಲಕ್ವ ಹೊಡೆದು ಮಲಗಿದವರಿಗೆ ಬೆನ್ನು ಹುಣ್ಣಾಗದಂತೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ನುಂಗಲು ಕಷ್ಟಪಡುವವರನ್ನು ನೆಟ್ಟಗೆ ಕೂರಿಸಿ ಗುಟುಕು ಗುಟುಕಾಗಿ ಕುಡಿಸಬೇಕು, ಇಲ್ಲವಾದರೆ ಕುಡಿದದ್ದು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಮೂರ್ಛೆ ಬಂದಾಗ ಗಾಬರಿಯಾಗದೆ ಗಡಿಯಾರ ನೋಡಬೇಕು, ಐದು ನಿಮಿಷ ಮೀರಿದರೆ ಆಂಬುಲೆನ್ಸ್ ಕರೆಯಬೇಕು. ತರಬೇತಿ ಪಡೆದ ದಾದಿಯರು ಪಾಳಿಯ ಮೇಲೆ ಮಾಡುವ ಈ ಕೆಲಸಕ್ಕೆ ಮನೆಯಲ್ಲಿ ಪಾಳಿ ಎಂಬುದಿಲ್ಲ. ತಂದೆಯದೋ ತಾಯಿಯದೋ ಮಾನಸಿಕ ಕಾಯಿಲೆಯಾದರೆ ಎತ್ತಿ ಇಳಿಸುವ ಶ್ರಮ ಇರಲಿಕ್ಕಿಲ್ಲ. ಆದರೆ ಮಾತ್ರೆಯನ್ನು ನಿಜವಾಗಿ ನುಂಗಿದರೋ ಅಥವಾ ನಾಲಿಗೆಯಡಿ ಇಟ್ಟುಕೊಂಡು ಬಚ್ಚಲಲ್ಲಿ ಉಗುಳಿ ಬಂದರೋ ಎಂದು ಅವರ ಮುಖವನ್ನೇ ಗಮನಿಸುತ್ತ ಕೂರುವ ಕಾವಲಿಗೆ ಬಿಡುವೇ ಇರುವುದಿಲ್ಲ.

ಬಹಳ ಕಾಲ ಪಾಠ ಮಾಡಿದ ಅನುಭವದಿಂದ ಹೇಳುವುದಾದರೆ, ಇಂಥ ಮಗು ಶಾಲೆಯ ಕಣ್ಣಿಗೆ ಬೀಳುವುದು ತಡವಾಗಿ ಬರುವ, ತೂಕಡಿಸುವ, ಮನೆಪಾಠ ಮಾಡದ ಮಗುವಾಗಿಯೇ. ಕಾರಣ ಕೇಳಿದರೆ ತಲೆನೋವು ಎನ್ನುತ್ತದೆ. ನಿಜ ಹೇಳಿದರೆ ತನ್ನನ್ನು ಮನೆಯಿಂದ ಬೇರೆ ಮಾಡಿಯಾರು, ಅಮ್ಮನನ್ನು ಕೈಲಾಗದವಳೆಂದು ಆಡಿಕೊಂಡಾರು ಎಂಬ ಅಳುಕು ಅದಕ್ಕೆ. ಈ ಅಳುಕನ್ನು ಹುಸಿಯೆಂದು ತಳ್ಳಿಹಾಕುವಂತಿಲ್ಲ. ಮಕ್ಕಳ ಕಷ್ಟವನ್ನಷ್ಟೇ ಎತ್ತಿ ಆಡಿದರೆ ಅಂಗವಿಕಲ ತಂದೆತಾಯಿಗಳು ಅಯೋಗ್ಯರೆಂಬ ಭಾವನೆ ಬೆಳೆಯುತ್ತದೆ, ಕೊರತೆಯಿರುವುದು ಅವರಿಗೆ ಸಿಗಬೇಕಾದ ನೆರವಿನಲ್ಲಿ ಎಂದು 1990ರ ದಶಕದಲ್ಲೇ ಬ್ರಿಟನ್ನಿನ ಅಂಗವಿಕಲರ ಹಕ್ಕುಗಳ ಪರವಾದ ಲೇಖಕಿಯರು ಎಚ್ಚರಿಸಿದ್ದರು. ಅವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ತಂದೆಗೆ ಗಾಲಿಕುರ್ಚಿ, ಸ್ನಾನಕ್ಕೊಬ್ಬ ಸಹಾಯಕ, ಮನೆಗೇ ಬರುವ ದಾದಿ ಇಷ್ಟು ಸಿಕ್ಕರೆ ಮಗಳ ಹೊಣೆ ತಾನಾಗಿ ಅರ್ಧಕ್ಕಿಳಿಯುತ್ತದೆ. ತಂದೆ ತಂದೆಯಾಗಿಯೇ ಉಳಿಯುತ್ತಾನೆ.

ಇದು ಪರಿಹಾರವೇ ಇಲ್ಲದ ಸಮಸ್ಯೆಯಲ್ಲ. ಬ್ರಿಟನ್ 2001ರ ಜನಗಣತಿಯಲ್ಲಿ ವೇತನವಿಲ್ಲದ ಆರೈಕೆಯ ಬಗ್ಗೆ ಮೊದಲ ಬಾರಿಗೆ ಪ್ರಶ್ನೆ ಕೇಳಿದಾಗ ಐದು ವರ್ಷ ತುಂಬಿದ ಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಇಂಗ್ಲೆಂಡಿನಲ್ಲಿ 2014ರ ಮಕ್ಕಳ ಮತ್ತು ಕುಟುಂಬಗಳ ಕಾಯ್ದೆಯ ಪ್ರಕಾರ, ಆರೈಕೆ ಮಾಡುವ ಮಗುವಿಗೆ ಯಾವ ನೆರವು ಬೇಕು ಎಂದು ಸ್ಥಳೀಯ ಆಡಳಿತ ಪರಿಶೀಲಿಸಬೇಕು. ಅದಕ್ಕೂ ಮಿಗಿಲಾಗಿ, ಆ ಕೆಲಸವನ್ನು ಆ ವಯಸ್ಸಿನ ಮಗು ಮಾಡುವುದೇ ಸರಿಯೇ ಎಂದೂ ನೋಡಬೇಕು. ನಾರ್ವೆ ಮತ್ತು ಸ್ವೀಡನ್‌ಗಳಲ್ಲಿ 2010ರಿಂದ, ತಂದೆ ಅಥವಾ ತಾಯಿಗೆ ಗಂಭೀರ ಕಾಯಿಲೆಯಿದ್ದರೆ ಅವರ ಮಕ್ಕಳಿಗೆ ಬೇಕಾದ ಮಾಹಿತಿ, ನೆರವಿನ ಕಡೆ ಗಮನ ಕೊಡುವುದು ಆರೋಗ್ಯ ಸಿಬ್ಬಂದಿಯ ಕಾನೂನುಬದ್ಧ ಹೊಣೆಯಾಗಿದೆ. ಶಿಕ್ಷಣ, ವಿಶ್ರಾಂತಿ ಮತ್ತು ಆಟ ಮಗುವಿನ ಹಕ್ಕುಗಳೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಹೇಳುತ್ತದೆ. ಮನೆಯಲ್ಲಿ ರೋಗಿ ಇಲ್ಲದಿದ್ದರೆ ಮಾತ್ರ ಎಂಬ ಷರತ್ತು ಅದರಲ್ಲೆಲ್ಲೂ ಇಲ್ಲ.

ಕಾಯ್ದೆ ಬರುವವರೆಗೂ ಕಾಯಬೇಕಿಲ್ಲದ ಕೆಲಸಗಳೂ ಇವೆ. ರೋಗಿಯನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ 'ಮನೆಯಲ್ಲಿ ನೋಡಿಕೊಳ್ಳುವವರು ಯಾರು, ಅವರ ವಯಸ್ಸೆಷ್ಟು' ಎಂದು ಕೇಳಿ ಬರೆದುಕೊಳ್ಳುವುದು ವೈದ್ಯರಿಗೆ ಹೆಚ್ಚಿನ ಹೊರೆಯೇನಲ್ಲ. ಉತ್ತರ ಒಂದು ಮಗುವಿನ ಹೆಸರಾದರೆ ಸಮಾಜ ಕಾರ್ಯಕರ್ತರಿಗೆ ತಿಳಿಸಬೇಕು. ಜೊತೆಗೆ, ರಾತ್ರಿಯಿಡೀ ರೋಗಿಯ ಪಕ್ಕದಲ್ಲಿದ್ದು ಎಲ್ಲವನ್ನೂ ಬಲ್ಲ ಆ ಮಗುವನ್ನು ಹೊರಗೆ ನಿಲ್ಲಿಸಿ ಮಾತಾಡುವ ಅಭ್ಯಾಸವನ್ನು ಬಿಟ್ಟು, ಕಾಯಿಲೆಯೇನು, ಮುಂದೇನಾಗಬಹುದು ಎಂಬುದನ್ನು ಅದಕ್ಕೆ ತಿಳಿಯುವ ಮಾತಿನಲ್ಲಿ ವಿವರಿಸಬೇಕು. ಶಾಲೆಗಳು ಇಂಥ ಮಕ್ಕಳಿಗಾಗಿ ಒಬ್ಬ ಶಿಕ್ಷಕರನ್ನು ಗೊತ್ತುಮಾಡಿ, ವಿಷಯ ತರಗತಿಗೆಲ್ಲ ಗೊತ್ತಾಗದಂತೆ ನೋಡಿಕೊಂಡು, ಮಧ್ಯಾಹ್ನದ ಬಿಡುವಿನಲ್ಲಿ ಮನೆಗೊಂದು ಫೋನ್ ಮಾಡಲು ಅವಕಾಶ ಕೊಡಬಹುದು. ತಂದೆಯನ್ನೋ ತಾಯಿಯನ್ನೋ ಆಸ್ಪತ್ರೆಗೆ ಸೇರಿಸಿದ ದಿನಗಳನ್ನು ಹಾಜರಾತಿಯ ಲೆಕ್ಕದಲ್ಲಿ ಗೈರುಹಾಜರಿ ಎಂದು ಎಣಿಸದಿರುವ ನಿಯಮವನ್ನು ಶಿಕ್ಷಣ ಇಲಾಖೆ ತರಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ